ಗುಮ್ಮಟವೇ ಸೂರ್ಯನಾದರೆ ಇಂಡಿಯಲ್ಲಿ ಶನಿ

ಎಳ್ಳಮಾವಾಸ್ಯೆಯ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರುಗಳು ಮಧ್ಯಾಹ್ನದ ಹೊತ್ತಿಗೆ ಬರಿದಾಗಿಬಿಡುತ್ತವೆ. ಮಂದಿಯೆಲ್ಲ ಹೊಲದಲ್ಲಿ. ಜೋಳದ ಬೆಳೆಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಊಟ ಮುಗಿಸಿ ಚಕ್ಕಡಿ ಹೂಡಿ ಮರಳುವ ಕೊನೆಯವರಿಗೆ ದಾರಿಯಲ್ಲೇ ಕತ್ತಲಾಗುತ್ತದೆ. ಅಮಾವಾಸ್ಯೆ, ಚಂದ್ರನಿಲ್ಲ. ಎರೆಭೂಮಿಯಲ್ಲಿ ದೃಷ್ಟಿಗೆ ಅಡ್ಡ ಬರುವ ಗುಡ್ಡಗಳೂ ಇಲ್ಲ. ಆ ರಾತ್ರಿ ತಲೆ ಎತ್ತಿದರೆ ಕಾಣುವಷ್ಟು ಆಕಾಶ ದೊಡ್ಡ ಪಟ್ಟಣದಲ್ಲಿರುವವರಿಗೆ ವರ್ಷವಿಡೀ ಕಾಣುವುದಿಲ್ಲ.

ಈ ಆಕಾಶದೊಂದಿಗೆ ನಮ್ಮ ರೈತನಿಗೆ ಹಳೆಯ ವ್ಯವಹಾರವಿದೆ. 'ಮೃಗಶಿರಾ ಮಳೆ ಕೂಡಿತು', 'ಹಸ್ತ ಕೈಕೊಟ್ಟಿತು' ಎಂದು ಕಟ್ಟೆಯ ಮೇಲೆ ಮಾತಾಡಿಕೊಳ್ಳುವಾಗ ಅವನು ಹೇಳುತ್ತಿರುವುದು ಖಗೋಳದ ಸಂಗತಿಯನ್ನೇ. ಆಕಾಶದಲ್ಲಿ ಸೂರ್ಯ ನಡೆಯುವಂತೆ ಕಾಣುವ ಹಾದಿಯನ್ನು 27 ಪಾಲು ಮಾಡಿ, ಒಂದೊಂದು ಪಾಲಿಗೆ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ. ಸೂರ್ಯ ಒಂದು ಪಾಲನ್ನು ದಾಟಲು 13-14 ದಿನ ಬೇಕು. ಒಂದು ಮಳೆಯ ಅವಧಿಯೂ ಅಷ್ಟೇ. ಸೂರ್ಯ ನಡೆದಂತೆ ಕಾಣುವುದಕ್ಕೆ ಕಾರಣ ಭೂಮಿ ಅವನನ್ನು ಸುತ್ತುತ್ತಿರುವುದು. ಹಿಂಗಾರಿ ಜೋಳ ಬಿತ್ತಲು ಮಳೆಯ ಲೆಕ್ಕ ಹಿಡಿಯುವವನು ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದನ್ನೇ ಅಳೆಯುತ್ತಿರುತ್ತಾನೆ.

ಹೀಗಿದ್ದೂ ಸೌರಮಂಡಲವೆಂದರೆ ಪಠ್ಯಪುಸ್ತಕದ ಒಂದು ಚಿತ್ರ, ಬಾಹ್ಯಾಕಾಶವೆಂದರೆ ಅಮೆರಿಕ, ರಷ್ಯಾ, ಹೆಚ್ಚೆಂದರೆ ಶ್ರೀಹರಿಕೋಟಾ ಎಂಬ ಭಾವನೆ ನಮ್ಮಲ್ಲಿದೆ. ಬರಗಾಲದ ತಾಲ್ಲೂಕುಗಳಿಗೂ ರಾಕೆಟ್ಟಿಗೂ ಏನು ಸಂಬಂಧ ಎಂದು ಕೇಳುವವರೂ ಉಂಟು. ಸಂಬಂಧವಿದೆ, ಅದಕ್ಕೆ ಅರ್ಧ ಶತಮಾನ ತುಂಬಿದೆ.

ನವಗ್ರಹದ ಲೆಕ್ಕ

ಮೊದಲು ಎಣಿಕೆ ನೋಡೋಣ. ಗುಡಿಯ ನವಗ್ರಹಗಳಿಗೂ ಶಾಲೆಯ ಎಂಟು ಗ್ರಹಗಳಿಗೂ ತಾಳೆಯಾಗುವುದಿಲ್ಲವೇಕೆ ಎಂಬುದು ಮಕ್ಕಳು ಕೇಳುವ ಪ್ರಶ್ನೆ. ಹಿಂದಿನವರು ನಕ್ಷತ್ರಗಳ ನಡುವೆ ಜಾಗ ಬದಲಿಸುವುದನ್ನೆಲ್ಲ ಗ್ರಹ ಎಂದರು. ಆದ್ದರಿಂದ ನಕ್ಷತ್ರವಾದ ಸೂರ್ಯನೂ ಭೂಮಿಯ ಉಪಗ್ರಹವಾದ ಚಂದ್ರನೂ ಪಟ್ಟಿಗೆ ಸೇರಿದರು. ರಾಹು, ಕೇತು ಕಾಯಗಳೇ ಅಲ್ಲ. ಸೂರ್ಯನ ಹಾದಿಯನ್ನು ಚಂದ್ರನ ಹಾದಿ ಕತ್ತರಿಸುವ ಎರಡು ಬಿಂದುಗಳವು. ಗ್ರಹಣ ನಡೆಯುವುದು ಈ ಬಿಂದುಗಳ ಬಳಿಯಲ್ಲೇ ಆದ್ದರಿಂದ ಪಂಚಾಂಗದವರಿಗೆ ಅವು ಬೇಕಾದವು. ಈ ನಾಲ್ಕನ್ನು ಕಳೆದರೆ ಬುಧ, ಶುಕ್ರ, ಮಂಗಳ, ಗುರು, ಶನಿ ಉಳಿಯುತ್ತವೆ. ನಾವೇ ನಿಂತಿರುವ ಭೂಮಿಯನ್ನು ಅವಕ್ಕೆ ಕೂಡಿಸಬೇಕು. ದೂರದರ್ಶಕ ಬಂದ ಮೇಲೆ 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್ ಸಿಕ್ಕವು. ಒಟ್ಟು ಎಂಟು. 1930ರಲ್ಲಿ ಸಿಕ್ಕ ಪ್ಲೂಟೋವನ್ನು ವಿಜ್ಞಾನಿಗಳು 2006ರಲ್ಲಿ ಕುಬ್ಜ ಗ್ರಹಗಳ ಸಾಲಿಗೆ ಇಳಿಸಿದರು.

ಈ ಲೆಕ್ಕಗಳ ದೊಡ್ಡ ಪಂಡಿತ ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ಬಾಗೇವಾಡಿಯ ಬಸವಣ್ಣನವರದೂ ಅದೇ ಶತಮಾನ. ಭಾಸ್ಕರರು 36ನೇ ವಯಸ್ಸಿನಲ್ಲಿ 'ಸಿದ್ಧಾಂತ ಶಿರೋಮಣಿ' ಬರೆದರು. ಅವರು ಹೇಳಿಕೊಂಡಿರುವ ವಿಜ್ಜಡವಿಡ ಎಂಬ ಊರು ನಮ್ಮ ವಿಜಯಪುರವೇ ಎಂಬುದು ಒಂದು ವಾದ. ಮಹಾರಾಷ್ಟ್ರದ ಚಾಳೀಸ್‌ಗಾಂವ್ ಬಳಿ ಅವರ ಮೊಮ್ಮಗನ ಶಾಸನ ದೊರೆತಿರುವುದರಿಂದ ಊರು ಆ ಕಡೆಯದು ಎಂಬುದು ಇನ್ನೊಂದು ವಾದ. ಊರು ಯಾವುದೇ ಇರಲಿ, ಭೂಮಿ ಗೋಳವೆಂದೂ ಅದಕ್ಕೆ ವಸ್ತುಗಳನ್ನು ಸೆಳೆಯುವ ಶಕ್ತಿಯಿದೆಯೆಂದೂ ಅವರು ಬರೆದರು. ಆದರೆ ಅವರ ಲೆಕ್ಕದಲ್ಲಿ ನಡುವೆ ನಿಂತದ್ದು ಭೂಮಿ. ಸೂರ್ಯನನ್ನು ನಡುವಿಗೆ ತಂದ ಕೋಪರ್ನಿಕಸ್‌ನ ಗ್ರಂಥ ಯೂರೋಪಿನಲ್ಲಿ ಅಚ್ಚಾದದ್ದು 1543ರಲ್ಲಿ.

ಗುಮ್ಮಟದಿಂದ ಹೊರಟ ಬಸ್ಸು

ಪಠ್ಯಪುಸ್ತಕದ ಚಿತ್ರದಲ್ಲಿ ಗ್ರಹಗಳು ಒಂದರ ಪಕ್ಕ ಒಂದು ಪೋಣಿಸಿದ ಮಣಿಗಳಂತೆ ಇರುತ್ತವೆ. ಆ ಚಿತ್ರ ಗಾತ್ರವನ್ನೂ ದೂರವನ್ನೂ ಒಟ್ಟಿಗೆ ಸರಿಯಾಗಿ ತೋರಿಸಲಾರದು. ಅದಕ್ಕೆ ಕಾಗದ ಸಾಲದು, ಒಂದು ಜಿಲ್ಲೆಯೇ ಬೇಕು.

ವಿಜಯಪುರದ ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಅದನ್ನೇ ಸೂರ್ಯ ಎಂದುಕೊಳ್ಳೋಣ. ಆಗ ಒಂದು ಮೀಟರಿಗೆ ಸುಮಾರು 31,600 ಕಿಲೋಮೀಟರಿನ ಲೆಕ್ಕವಾಗುತ್ತದೆ. ಗುಮ್ಮಟದಿಂದ 1.8 ಕಿ.ಮೀ. ದೂರದಲ್ಲಿ ಬುಧ, ಗೇಣುದ್ದಕ್ಕೂ ಕಡಿಮೆಯ ಒಂದು ಚೆಂಡು. ಮೂರೂವರೆ ಕಿ.ಮೀ. ದೂರದಲ್ಲಿ, ಅಂದರೆ ಇಬ್ರಾಹಿಂ ರೋಜಾದ ಹತ್ತಿರ, ಶುಕ್ರ. ಭೂಮಿ 4.7 ಕಿ.ಮೀ. ಆಚೆ, 40 ಸೆಂಟಿಮೀಟರ್ ಅಗಲದ ಒಂದು ಕುಂಬಳಕಾಯಿ. ಅದರಿಂದ 12 ಮೀಟರ್ ದೂರದಲ್ಲಿ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಚಂದ್ರ. ಮಂಗಳ ಏಳು ಕಿ.ಮೀ. ದೂರದಲ್ಲಿ, ಭೂಮಿಯ ಅರ್ಧದಷ್ಟು ಅಗಲ. ಅಲ್ಲಿಂದ ಮುಂದೆ ಕ್ಷುದ್ರಗ್ರಹಗಳ ಪಟ್ಟಿ. ಅವುಗಳಲ್ಲೆಲ್ಲ ದೊಡ್ಡದಾದ ಸೀರೀಸ್ ಈ ಲೆಕ್ಕದಲ್ಲಿ ಇಂಡಿಯ ಒಂದು ಸಣ್ಣ ನಿಂಬೆಕಾಯಿ.

ಗುರು ಬರಬೇಕಾದರೆ ಬಾಗೇವಾಡಿ ದಾರಿಯಲ್ಲಿ ಮನಗೂಳಿಯ ಸುತ್ತಮುತ್ತ, ಸುಮಾರು 25 ಕಿ.ಮೀ. ಸಾಗಬೇಕು. ಅಗಲ ನಾಲ್ಕೂವರೆ ಮೀಟರಿಗೆ ತುಸು ಕಡಿಮೆ, ಒಂದು ಕೋಣೆಯಷ್ಟು. ಶನಿಯ ಕಕ್ಷೆ 45 ಕಿ.ಮೀ. ದೂರದಲ್ಲಿ. ನಕಾಶೆಯ ಮೇಲೆ ದಾರ ಹಿಡಿದು ನೇರ ಅಳೆದರೆ ಅದು ಸರಿಯಾಗಿ ಇಂಡಿ ಊರು! ಇಂಡಿಯವರು ಬೇಸರಪಡಬೇಕಾಗಿಲ್ಲ. ದೂರದರ್ಶಕದಲ್ಲಿ ನೋಡಿದವರಿಗೆಲ್ಲ ಗೊತ್ತು, ಬಳೆ ತೊಟ್ಟ ಶನಿಯಷ್ಟು ಚೆಲುವಾದ ಗ್ರಹ ಇನ್ನೊಂದಿಲ್ಲ. ಯುರೇನಸ್ 91 ಕಿ.ಮೀ. ದೂರದಲ್ಲಿ, ಮುದ್ದೇಬಿಹಾಳವನ್ನೂ ದಾಟಿ ನಾರಾಯಣಪುರ ಅಣೆಕಟ್ಟಿನ ಸ್ವಲ್ಪ ಈಚೆ. ನೆಪ್ಚೂನ್ 142 ಕಿ.ಮೀ. ದೂರದಲ್ಲಿ, ಕಲಬುರಗಿಯ ಆಚೆ.

ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳಕ್ಕೆ ಒಂದು ಗ್ರಹವೂ ದಕ್ಕಲಿಲ್ಲ. ಈ ಲೆಕ್ಕದ ಮುಖ್ಯ ಪಾಠವೇ ಅದು. ಬಾಗೇವಾಡಿ ಗುರು, ಶನಿಗಳ ನಡುವಿನ ಬಯಲಿನಲ್ಲಿದ್ದರೆ, ಉಳಿದೆರಡೂ ಶನಿ, ಯುರೇನಸ್‌ಗಳ ನಡುವಿನ ಬಯಲಿನಲ್ಲಿವೆ. ಸೌರಮಂಡಲದ ಬಹುಪಾಲು ಹೀಗೆ ಬರಿ ಬಯಲು. ಆಗೊಮ್ಮೆ ಈಗೊಮ್ಮೆ ಒಂದು ಧೂಮಕೇತು ಅದರಲ್ಲಿ ಹಾದುಹೋಗುತ್ತದೆ. 1986ರಲ್ಲಿ ಬಂದುಹೋದ ಹ್ಯಾಲಿ ಮತ್ತೆ ಬರುವುದು 2061ರಲ್ಲಿ.

ಇದೇ ಅಳತೆಯಲ್ಲಿ ಬೆಳಕಿನ ವೇಗ ಎಷ್ಟಾಗುತ್ತದೆ? ಸೆಕೆಂಡಿಗೆ ಒಂಬತ್ತೂವರೆ ಮೀಟರ್. ಎಂದರೆ ಗಂಟೆಗೆ 34 ಕಿ.ಮೀ., ಹಳ್ಳಿ ರಸ್ತೆಯ ಬಸ್ಸಿನ ವೇಗ! ಗುಮ್ಮಟದಿಂದ ಹೊರಟ ಈ ಬೆಳಕಿನ ಬಸ್ಸು ಭೂಮಿಯನ್ನು ಮುಟ್ಟಲು 8 ನಿಮಿಷ 20 ಸೆಕೆಂಡು ಬೇಕು. ಇಂಡಿಗೆ 80 ನಿಮಿಷ, ನೆಪ್ಚೂನಿಗೆ ನಾಲ್ಕು ಗಂಟೆಯ ಮೇಲೆ. ಅತಿ ಹತ್ತಿರದ ಇನ್ನೊಂದು ನಕ್ಷತ್ರಕ್ಕೆ ನಾಲ್ಕು ವರ್ಷಕ್ಕೂ ಹೆಚ್ಚು. ಅಷ್ಟು ಕುಗ್ಗಿಸಿದ ಮೇಲೂ ಆ ನಕ್ಷತ್ರ ನಮ್ಮ ಜಿಲ್ಲೆಯಲ್ಲಿ, ದೇಶದಲ್ಲಿ ಹಿಡಿಸುವುದಿಲ್ಲ. ನಿಜವಾದ ಚಂದ್ರನಿಗಿಂತ ಮೂರು ಪಟ್ಟು ದೂರ ಹೋಗಬೇಕು.

ಬೆರಳಿನಗಲದ ಯಾತ್ರೆ

ಈ ಬಯಲಿನಲ್ಲಿ ಮನುಷ್ಯ ಎಷ್ಟು ದೂರ ಹೋಗಿದ್ದಾನೆ? 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ 83 ಕಿಲೋ ತೂಕದ ಒಂದು ಗುಂಡು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಇಳಿದ. ಅವನು ಏರಿದ ಗರಿಷ್ಠ ಎತ್ತರ 327 ಕಿ.ಮೀ. ನಮ್ಮ ಕುಂಬಳಕಾಯಿಯ ಮೇಲೆ ಅದು ಒಂದು ಸೆಂಟಿಮೀಟರ್, ಕಿರುಬೆರಳಿನ ಅಗಲ. 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಕಾಲಿಟ್ಟರು. 1972ರ ಕೊನೆಯ ಹೊತ್ತಿಗೆ 12 ಮಂದಿ ಅಲ್ಲಿ ನಡೆದಾಡಿ ಬಂದಿದ್ದರು. ಮನುಷ್ಯ ಕಾಲಿಟ್ಟಿರುವ ಅತಿ ದೂರದ ನೆಲ ಅದೇ. ನಮ್ಮ ಲೆಕ್ಕದಲ್ಲಿ 12 ಮೀಟರ್, ಶಾಲೆಯ ಅಂಗಳದೊಳಗಿನ ಮಾತು.

ಅದರಾಚೆ ಹೋದವು ಯಂತ್ರಗಳು. 1962ರಲ್ಲಿ ಅಮೆರಿಕದ ಮೆರಿನರ್-2 ಶುಕ್ರನ ಬಳಿ ಹಾಯ್ದಿತು. 1965ರಲ್ಲಿ ಮೆರಿನರ್-4 ಮಂಗಳನ ಚಿತ್ರಗಳನ್ನು ಕಳಿಸಿದಾಗ ಅಲ್ಲಿ ಕಾಲುವೆಗಳೂ ಇಲ್ಲ, ಊರುಗಳೂ ಇಲ್ಲ, ಚಂದ್ರನಲ್ಲಿರುವಂಥ ಕುಳಿಗಳಿವೆ ಎಂದು ತಿಳಿಯಿತು. 1970ರಲ್ಲಿ ಸೋವಿಯತ್ ವೆನೆರಾ-7 ಶುಕ್ರನ ಮೇಲೆ ಇಳಿದು, ಆ ಕುಲುಮೆಯ ಬಿಸಿಯಲ್ಲಿ 23 ನಿಮಿಷ ಸಂಕೇತ ಕಳಿಸಿ ನಿಂತಿತು. 1973ರಲ್ಲಿ ಪಯೊನೀರ್-10 ಗುರುವನ್ನು ತಲುಪಿತು. 1977ರಲ್ಲಿ ಹೊರಟ ಎರಡು ವಾಯೇಜರ್‌ಗಳಲ್ಲಿ ಎರಡನೆಯದು ಯುರೇನಸ್, ನೆಪ್ಚೂನ್‌ಗಳನ್ನು ಹತ್ತಿರದಿಂದ ಕಂಡ ಏಕೈಕ ನೌಕೆ.

ನಮ್ಮ ದೇಶದ ಆರಂಭ 1963ರ ನವೆಂಬರ್ 21ರಂದು, ಕೇರಳದ ಮೀನುಗಾರರ ಹಳ್ಳಿ ತುಂಬಾದಿಂದ ಹಾರಿದ ಒಂದು ಸಣ್ಣ ರಾಕೆಟ್ಟಿನಿಂದ. ಮೊದಲ ಉಪಗ್ರಹ 'ಆರ್ಯಭಟ' ರೂಪುಗೊಂಡದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದರ ಹೊಣೆ ಹೊತ್ತವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಸುಮಾರು 360 ಕಿಲೋ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟುವ ಕೈಗಳು ಸಿದ್ಧವಾಗಿದ್ದವು.

ಹಳ್ಳಿಗೆ ಬಂದ ತಂತಿ ಬಲೆ

ಅದೇ ವರ್ಷ ಬಾಹ್ಯಾಕಾಶ ನಮ್ಮ ಜಿಲ್ಲೆಗೇ ಬಂತು. ವಿಕ್ರಮ್ ಸಾರಾಭಾಯಿ ಅವರ ಮುತುವರ್ಜಿಯಲ್ಲಿ 1969ರಲ್ಲಿ ಭಾರತ ಮತ್ತು ನಾಸಾ ಒಂದು ಒಪ್ಪಂದ ಮಾಡಿಕೊಂಡಿದ್ದವು. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ದೇಶದ ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ತಲುಪಿಸುವ ಪ್ರಯೋಗವದು. ಹೆಸರು 'ಸೈಟ್'. ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಕಾಣದ ಆ ಪ್ರಯೋಗ 1975ರ ಆಗಸ್ಟ್ 1ರಂದು ಶುರುವಾಯಿತು. ಆರು ರಾಜ್ಯಗಳ ಹಿಂದುಳಿದ ಜಿಲ್ಲೆಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ. ಆಗಿನ ಬಿಜಾಪುರದಲ್ಲಿ ಈ ನಾಲ್ಕು ತಾಲ್ಲೂಕುಗಳ ಜತೆ ಇಂದಿನ ಬಾಗಲಕೋಟೆ ಜಿಲ್ಲೆಯೂ ಇತ್ತು.

ಉಪಗ್ರಹ ನಿಂತದ್ದು ಪೂರ್ವ ಆಫ್ರಿಕದ ಮೇಲೆ, ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ. ಆ ಎತ್ತರದಲ್ಲಿ ಸಮಭಾಜಕದ ಮೇಲೆ ಸುತ್ತುವ ಉಪಗ್ರಹ ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುವುದರಿಂದ, ನೆಲದಿಂದ ನೋಡಿದವರಿಗೆ ಒಂದೇ ಕಡೆ ತೂಗುಹಾಕಿದಂತೆ ಇರುತ್ತದೆ. ಮಾಮೂಲಿ ಟಿ.ವಿ. ಗೋಪುರದ ಅಲೆಗಳು ಕೆಲವೇ ಹತ್ತು ಕಿಲೋಮೀಟರಿಗೆ ನಿಲ್ಲುತ್ತವೆ. ಈ ಎತ್ತರದ ಗೋಪುರಕ್ಕೆ ದೇಶವಿಡೀ ಕಾಣುತ್ತದೆ. ಉಪಗ್ರಹ ತನ್ನ ಒಂಬತ್ತು ಮೀಟರ್ ಅಗಲದ ಕೊಡೆಯನ್ನು ಬಿಚ್ಚಿಕೊಂಡು ಬಲವಾದ ಅಲೆಗಳನ್ನು ಕಳಿಸುತ್ತಿದ್ದುದರಿಂದ ಹಳ್ಳಿಯಲ್ಲಿ ದುಬಾರಿ ಉಪಕರಣ ಬೇಕಾಗಲಿಲ್ಲ. ಕೋಳಿ ಸಾಕುವವರು ಬಳಸುವಂಥ ತಂತಿ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ ಸಾಕಾಯಿತು. ನಮ್ಮ ಜಿಲ್ಲೆಯಲ್ಲಿ ಆ ಬುಟ್ಟಿಗಳು ಪಶ್ಚಿಮದಿಂದ ತುಸು ನೈಋತ್ಯಕ್ಕೆ, ದಿಗಂತಕ್ಕೂ ನೆತ್ತಿಗೂ ಹೆಚ್ಚುಕಡಿಮೆ ನಡುವೆ ಮುಖ ಮಾಡಬೇಕಾಗಿತ್ತು.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರವರಿಗೆಲ್ಲ ಒಕ್ಕಲುತನ, ಆರೋಗ್ಯ, ಸುದ್ದಿ, ಹಾಡು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡೂ ಇತ್ತು. ಕರೆಂಟಿಲ್ಲದ ಕೆಲವು ಹಳ್ಳಿಗಳಲ್ಲಿ ಸೆಟ್ಟುಗಳು ಬ್ಯಾಟರಿಯ ಮೇಲೆ ನಡೆದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ಈ ಮೂರು ಜಿಲ್ಲೆಗಳ ಹಳ್ಳಿಗರು ಟಿ.ವಿ. ನೋಡಿದ್ದರು. ಬಾಹ್ಯಾಕಾಶ ತಂತ್ರಜ್ಞಾನ ಹಳ್ಳಿಯನ್ನು ಮೊದಲು ಮುಟ್ಟಬೇಕು, ಪಟ್ಟಣ ಆಮೇಲೆ ಎಂಬ ವಿಚಾರವೇ ಅಲ್ಲಿ ಕೆಲಸ ಮಾಡಿತ್ತು.

ಎಲ್ಲವೂ ಚೆನ್ನಾಗಿಯೇ ನಡೆಯಿತು ಎನ್ನಲಾಗದು. ಮೊದಮೊದಲು ನೆರೆಯುತ್ತಿದ್ದ ಜನಜಾತ್ರೆ ಬರಬರುತ್ತ ಕರಗಿತು. ಮಾತು ಒಂದೇ ಕಡೆಯಿಂದ ಬರುತ್ತಿತ್ತು. ಹಳ್ಳಿಯವನು ಕೇಳಬಹುದಿತ್ತು, ತಿರುಗಿ ಪ್ರಶ್ನೆ ಹಾಕುವಂತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಉಪಗ್ರಹ ನಮ್ಮದಾಗಿರಲಿಲ್ಲ. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಎಟಿಎಸ್-6 ಅಮೆರಿಕದ ಕಡೆಗೆ ಸರಿದುಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂದರೂ ಅದರ ಅಲೆ ಹಿಂದಿನ ಎಲ್ಲ ಹಳ್ಳಿಗಳನ್ನೂ ಮುಟ್ಟುವಂತಿರಲಿಲ್ಲ. ಎರವಲು ಉಪಗ್ರಹದಿಂದ ಎಷ್ಟು ದಿನ ನಡೆದೀತು? ಸ್ವಂತದ ಇನ್ಸಾಟ್ ಸರಣಿಗೆ ಅದೇ ಪೀಠಿಕೆಯಾಯಿತು. 1983ರಲ್ಲಿ ಇನ್ಸಾಟ್-1ಬಿ ಕೆಲಸ ಶುರು ಮಾಡಿತು. ಅಲ್ಲಿಂದ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದ 2023ರ ಆಗಸ್ಟ್ 23ರವರೆಗಿನ ಕಥೆ ಎಲ್ಲರಿಗೂ ಗೊತ್ತು.

ಮತ್ತೆ ನಮ್ಮ ಕುಂಬಳಕಾಯಿಗೆ ಬರೋಣ. 1975ರಲ್ಲಿ ಬಿಜಾಪುರದ ಹಳ್ಳಿಗೆ ಚಿತ್ರ ಕಳಿಸಿದ ಆ ಉಪಗ್ರಹ ಈ ಲೆಕ್ಕದಲ್ಲಿ ಭೂಮಿಯಿಂದ ಒಂದು ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿತ್ತು, ಚಾಚಿದ ಕೈಗೆ ಇನ್ನೇನು ಎಟುಕಬೇಕು ಎನ್ನುವಷ್ಟು. ಅಂದು ಆ ಪರದೆಯ ಮುಂದೆ ನೆಲದ ಮೇಲೆ ಕುಳಿತಿದ್ದ ಮಕ್ಕಳು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿ. ಬರುವ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಒಂದು ಕುಂಬಳಕಾಯಿ ಇಟ್ಟು, ಹನ್ನೆರಡು ಮೀಟರ್ ಅಳೆದು ಒಂದು ತೆಂಗಿನಕಾಯಿ ಇಡಿ. ಚರಗದ ಬುತ್ತಿಯಲ್ಲಿ ಎರಡೂ ಹೇಗಿದ್ದರೂ ಖರ್ಚಾಗುತ್ತವೆ. ಕತ್ತಲಾದ ಮೇಲೆ ಆಕಾಶ ಮೇಲೆ ಇದ್ದೇ ಇರುತ್ತದೆ.