ತೋಟದ ವಿಷ ಮನೆಯೊಳಗೆ ಬಾರದಿರಲಿ

ಸಕಲೇಶಪುರ, ಆಲೂರು ಕಡೆಯ ಕಾಫಿ ಮತ್ತು ಏಲಕ್ಕಿಯ ಘಮವನ್ನು ಎಲ್ಲರೂ ಬಲ್ಲರು. ಆದರೆ ಆ ಗಿಡಗಳಿಗೆ ಔಷಧಿ ಹೊಡೆದು ಸಂಜೆ ಮನೆಗೆ ಬರುವವನ ಅಂಗಿಯಲ್ಲಿ ಏನಿರುತ್ತದೆಂದು ಎಷ್ಟು ಮಂದಿ ಯೋಚಿಸಿದ್ದೇವೆ? ಆ ಅಂಗಿಯನ್ನು ಒಗೆಯುವವಳು ಮಡದಿ ಅಥವಾ ತಾಯಿ. ಅವನು ಬಾಗಿಲಿಗೆ ಬಂದಾಗ ಓಡಿ ಹೋಗಿ ಅಪ್ಪಿಕೊಳ್ಳುವುದು ಮಗು.

ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕಕ್ಕೆ, ಏಲಕ್ಕಿಯ ಥ್ರಿಪ್ಸ್ ನುಸಿಗೆ ಕೀಟನಾಶಕ ಬಳಸುತ್ತಾರೆ. ನಾವು ಅದನ್ನು 'ಔಷಧಿ', 'ಮದ್ದು' ಎಂದೇ ಕರೆಯುತ್ತೇವೆ. ಹೆಸರು ಔಷಧಿಯದ್ದಾದರೂ ಗುಣ ಮಾತ್ರ ವಿಷದ್ದು. ಅದು ಬಾಯಿ, ಮೂಗಿನಿಂದ ಮಾತ್ರವಲ್ಲ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಸಿಂಪಡಿಸುವವರಿಗೆ ಹೆಚ್ಚಾಗಿ ತಗಲುವುದು ಚರ್ಮದ ಮೂಲಕವೇ.

ಇದನ್ನು ತಿಳಿಸಿಕೊಡುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವನ್ನು ತೆರೆಯಿತು. ಸಂಶೋಧನೆಯ ಫಲವನ್ನು ಹೊಲ, ತೋಟಗಳಿಗೆ ತಲುಪಿಸುವುದೇ ಇಂತಹ ಕೇಂದ್ರಗಳ ಕೆಲಸ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಪುದುಚೇರಿಯಲ್ಲಿ 1974ರಲ್ಲಿ ಆರಂಭವಾಯಿತು. ಸಕಲೇಶಪುರದ ದೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವೂ ಇದೆ.

ಆದರೆ ತರಬೇತಿಗೆ ಸಾಮಾನ್ಯವಾಗಿ ಹೋಗುವವರು ತೋಟದ ಯಜಮಾನರು ಇಲ್ಲವೇ ರೈಟರುಗಳು. ಪಂಪು ಹೊರುವವನಿಗೆ ಅರ್ಧ ಮಾತು ತಲುಪಿದರೆ, ನೀರು ಹೊತ್ತು ಕೊಡುವವಳಿಗೆ, ಬಟ್ಟೆ ಒಗೆಯುವವಳಿಗೆ ಅದೂ ಇಲ್ಲ. ಅಸ್ಸಾಮಿನಿಂದ ಬಂದ ಕೂಲಿಯವರಿಗೆ ಕನ್ನಡದ ಕರಪತ್ರವನ್ನು ಓದಲು ಬಾರದು.

ವಿಷವು ತೋಟದ ಬೇಲಿಯೊಳಗೇ ನಿಲ್ಲುವುದಿಲ್ಲ ಎಂಬುದಕ್ಕೆ ಕಾಸರಗೋಡು ಸಾಕ್ಷಿ. ಅಲ್ಲಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನರಳಿದವರಲ್ಲಿ ತೋಟದ ಆಳುಗಳಷ್ಟೇ ಅಲ್ಲ, ಸುತ್ತಲಿನ ಮನೆಗಳ ಮಕ್ಕಳೂ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಅಮೆರಿಕವು ಕೃಷಿ ಕಾರ್ಮಿಕರ ರಕ್ಷಣಾ ನಿಯಮಗಳನ್ನು 2015ರಲ್ಲಿ ತಿದ್ದಿದಾಗ ವರ್ಷಕ್ಕೊಮ್ಮೆ ತರಬೇತಿಯನ್ನು ಕಡ್ಡಾಯ ಮಾಡಿತು. ವಿಷವನ್ನು ಬಟ್ಟೆಯಲ್ಲಿ ಮನೆಗೆ ಒಯ್ಯದಿರುವುದು ಹೇಗೆಂಬುದನ್ನೂ ಆ ಪಾಠದಲ್ಲಿ ಸೇರಿಸಿತು.

ಮನೆಯವರು ಗಮನಿಸಬೇಕಾದುದು

ಸಿಂಪಡಿಸಿ ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಲಿ. ಆ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ನೆನೆಸಬೇಡಿ. ಕೈಗೆ ರಬ್ಬರ್ ಗವಸು ಹಾಕಿಕೊಂಡು ಬೇರೆಯಾಗಿಯೇ ಒಗೆದು, ಬಿಸಿಲಿಗೆ ಹಾಕಿ. ಉಳಿದ ಕೀಟನಾಶಕವನ್ನು ನೀರಿನ ಅಥವಾ ಶರಬತ್ತಿನ ಬಾಟಲಿಗೆ ಎಂದೂ ತುಂಬಬಾರದು. ಖಾಲಿ ಡಬ್ಬ ಎಷ್ಟೇ ಚಂದವಿದ್ದರೂ ಅಡುಗೆ ಮನೆಗೆ ತರಬೇಡಿ. ಡಬ್ಬದ ಮೇಲಿನ ತ್ರಿಕೋನದ ಬಣ್ಣವನ್ನು ನೋಡಲು ಕಲಿಯಿರಿ. ಕೆಂಪು ಅತ್ಯಂತ ಹೆಚ್ಚಿನ ವಿಷ. ಅನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ವಿಷ ಕಡಿಮೆ ಎಂದಷ್ಟೇ ಅರ್ಥ, ಇಲ್ಲವೆಂದಲ್ಲ.

ಕೆಲಸದ ಬಳಿಕ ತಲೆನೋವು, ವಾಕರಿಕೆ, ಅತಿಯಾದ ಬೆವರು, ಬಾಯಲ್ಲಿ ನೀರು, ಕಣ್ಣು ಮಂಜಾಗುವುದು ಕಂಡರೆ 'ಬಿಸಿಲಿಗೆ ಆಯಿತು' ಎಂದು ಮಲಗಿಸಬೇಡಿ. ಬಟ್ಟೆ ಬದಲಿಸಿ, ಮೈಯನ್ನು ಸೋಪು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಡಬ್ಬ ಅಥವಾ ಅದರ ಚೀಟಿ ಜೊತೆಗಿರಲಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ. ವೈದ್ಯರು ಹೇಳದೆ ವಾಂತಿ ಮಾಡಿಸಬಾರದು.

ತೋಟವಿರುವ ಸಹೋದರಿಯರಿಗೆ ಇನ್ನೊಂದು ಮಾತು. ನಿಮ್ಮಲ್ಲಿ ದುಡಿಯುವವರಿಗೆ ಗವಸು, ಮುಖಗವಸು, ಸೋಪು, ಸ್ನಾನಕ್ಕೆ ನೀರು ಕೊಡುವುದು ದಾನವಲ್ಲ, ಅದು ಅವರ ಹಕ್ಕು. ಮುಂದಿನ ಬಾರಿ ತರಬೇತಿ ನಡೆದಾಗ ಯಜಮಾನರ ಜೊತೆ ಕೆಲಸದ ಹೆಂಗಸರನ್ನೂ ಕಳುಹಿಸಿ, ನೀವೂ ಹೋಗಿ. ಮನೆಯ ಹೆಣ್ಣು ತಿಳಿದುಕೊಂಡ ವಿಷಯ ಮನೆಮಂದಿಗೆಲ್ಲ ತಲುಪುತ್ತದೆ.