ಬುದ್ಧಿಮಾಪನದಲ್ಲಿ ಉಪಾಧಿವಿಚಾರ

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸದನುಮಾನ. ಬೆಂಕಿಯಿಂದ ಹೊಗೆಯನ್ನು ಊಹಿಸಿದರೆ ನೈಯಾಯಿಕರು ಒಪ್ಪರು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವೆಂಬ ಉಪಾಧಿಯು ಅಲ್ಲಿ ಅಡಗಿರುವುದು. ಮನಶ್ಶಾಸ್ತ್ರದ ಪರೀಕ್ಷಾವಿಧಾನವನ್ನು ವಿಮರ್ಶಿಸುವಾಗಲೂ ಈ ವಿಚಾರವು ಚೆನ್ನಾಗಿ ಒದಗುವುದು.

ಬುದ್ಧಿಯು ಕಣ್ಣಿಗೆ ಗೋಚರವಲ್ಲ. ಮಗುವಿನ ಉತ್ತರವೆಂಬ ಲಿಂಗದಿಂದಲೇ ಅದನ್ನು ಊಹಿಸಬೇಕು. ಫ್ರಾನ್ಸಿನ ಬಿನೆ, ಸಿಮೋನರು 1905ರಲ್ಲಿ ರಚಿಸಿದ ಪ್ರಶ್ನಾವಳಿಯನ್ನು ಅಮೆರಿಕದ ಟರ್ಮನ್ 1916ರಲ್ಲಿ ಪರಿಷ್ಕರಿಸಿದನು. ವಿ. ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1940ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಇಂಥ ಕಾರ್ಯವು ಬರಿಯ ಭಾಷಾಂತರದಿಂದ ಆಗತಕ್ಕದ್ದಲ್ಲ. ಟರ್ಮನ್ನನು ಒಂಬತ್ತು ವರ್ಷದವರಿಗೆ ಪ್ರಾಸಪದಗಳನ್ನು ಹುಡುಕುವ ಪ್ರಶ್ನೆಯನ್ನಿಟ್ಟಿದ್ದನು. ಅಂತ್ಯಪ್ರಾಸಕ್ಕೆ ಒಗ್ಗಿದ ಕಿವಿಗೂ ದ್ವಿತೀಯಾಕ್ಷರಪ್ರಾಸಕ್ಕೆ ಒಗ್ಗಿದ ಕಿವಿಗೂ ಅದು ಒಂದೇ ಪ್ರಶ್ನೆಯಾಗಲಾರದು! ಯಾವ ಪ್ರಶ್ನೆ ಯಾವ ವಯಸ್ಸಿಗೆ ತಕ್ಕುದೆಂಬುದನ್ನು ಆಯಾ ನಾಡಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಬೇಕು.

ಕನ್ನಡ ನಾಡಾದರೂ ಆಗ ಒಂದೇ ಆಗಿರಲಿಲ್ಲ. ಇಂದು ಯಾದಗಿರಿ ಜಿಲ್ಲೆಗೆ ಸೇರಿದ ಹುಣಸಗಿಯು 1948ರವರೆಗೆ ನಿಜಾಮರ ಸೀಮೆ. ಅಲ್ಲಿಯ ಶಿಕ್ಷಣದಲ್ಲಿ ಉರ್ದುವಿಗೆ ಪ್ರಾಧಾನ್ಯ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಓದಿದ ಬಾಲಕನನ್ನು ಮುಂಬಯಿ ಪ್ರಾಂತದ ಕನ್ನಡ ಮಕ್ಕಳ ಮಾನದಿಂದ ಅಳೆದಿದ್ದರೆ, ಅವನ ಕಡಿಮೆ ಅಂಕವು ಯಾವುದಕ್ಕೆ ಲಿಂಗವಾಗುತ್ತಿತ್ತು? ಪ್ರಶ್ನೆಯ ಭಾಷೆ ಸಮನಾಗಿ ಪರಿಚಿತವಾಗಿದ್ದಲ್ಲಿ ಮಾತ್ರ ಕಡಿಮೆ ಅಂಕವು ಬುದ್ಧಿಮಾಂದ್ಯವನ್ನು ಸೂಚಿಸೀತು. ಆ ಪರಿಚಯವೇ ಇಲ್ಲಿಯ ಹಸಿ ಸೌದೆ. ಅದನ್ನು ಗಮನಿಸದೆ ಒಬ್ಬ ಹುಡುಗನನ್ನು ಮಂದನೆನ್ನುವುದು ಸಣ್ಣ ತಪ್ಪಲ್ಲ.

ಸಿ. ಎಂ. ಭಾಟಿಯಾ ಅವರು 1955ರಲ್ಲಿ ಪ್ರಕಟಿಸಿದ ಕ್ರಿಯಾಪರೀಕ್ಷೆಗಳಲ್ಲಿ ಅಕ್ಷರಸ್ಥರಿಗೂ ನಿರಕ್ಷರರಿಗೂ ಬೇರೆಬೇರೆ ಮಾನಗಳನ್ನೇ ಕೊಟ್ಟರು.