ಹಂಗೇರಿಯ ಬೆಳ್ಳಿ ದುಡ್ಡು ಮತ್ತು ರಾಜನ ಲಾಭ

ಮಧ್ಯಯುಗದ ಹಂಗೇರಿಯಲ್ಲಿ ದಿನಬಳಕೆಯ ದುಡ್ಡೆಂದರೆ ದೆನಾರ್, ಅಂದರೆ ತೆಳ್ಳನೆಯ ಪುಟ್ಟ ಬೆಳ್ಳಿ ನಾಣ್ಯ. 11ನೇ ಶತಮಾನದ ಆರಂಭದಲ್ಲಿ ಮೊದಲ ದೊರೆ ಸ್ಟೀಫನ್ ಇದನ್ನು ಹೊರಡಿಸಿದ. ಬೆಳ್ಳಿಯನ್ನು ತಗಡಾಗಿ ಬಡಿದು, ಬಿಲ್ಲೆ ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು.

ತೊಡಕು ಇದ್ದದ್ದು ನಾಣ್ಯದ ಆಯುಷ್ಯದಲ್ಲಿ. ಮುಂದಿನ ದೊರೆಗಳು ವರ್ಷಕ್ಕೊಮ್ಮೆ ಹೊಸ ನಾಣ್ಯ ತಂದು ಹಳೆಯದನ್ನು ರದ್ದು ಮಾಡತೊಡಗಿದರು. ನೀವು 3 ಹಳೆಯ ದೆನಾರ್ ಕೊಟ್ಟರೆ 2 ಹೊಸವು ಸಿಗುತ್ತವೆ ಎಂದಿಟ್ಟುಕೊಳ್ಳಿ. ಮಿಕ್ಕ ಬೆಳ್ಳಿ ರಾಜನ ಬೊಕ್ಕಸಕ್ಕೆ. ಈ ಆದಾಯವನ್ನು ‘ಲುಕ್ರುಮ್ ಕಾಮೆರೆ’, ಅಂದರೆ ಖಜಾನೆಯ ಲಾಭ, ಎನ್ನುತ್ತಿದ್ದರು.

ಹಳೆಯದನ್ನೇ ಇಟ್ಟುಕೊಂಡರೆ ಆಗದೇ ಎಂದು ನೀವು ಕೇಳಬಹುದು. ಸಂತೆಯಲ್ಲಿ ಅದು ನಡೆಯುತ್ತಿರಲಿಲ್ಲ. ಹಾಗಾಗಿ ಉಳ್ಳವರು ಬೆಳ್ಳಿ ಗಟ್ಟಿಯನ್ನೇ ತೂಗಿ ವ್ಯವಹಾರ ಮಾಡಿದರು; ವಿಯೆನ್ನಾದ ನಾಣ್ಯವೂ ಒಳಗೆ ಬಂತು. 1222ರ ಗೋಲ್ಡನ್ ಬುಲ್, ಅಂದರೆ ದೊರೆ ಎರಡನೇ ಆಂಡ್ರೂ ಹೊರಡಿಸಿದ ಹಕ್ಕುಪತ್ರ, ಹೊಸ ನಾಣ್ಯ ಒಂದು ಈಸ್ಟರ್‌ನಿಂದ ಇನ್ನೊಂದು ಈಸ್ಟರ್‌ವರೆಗಾದರೂ ನಡೆಯಬೇಕೆಂದು ಹೇಳಿತು. ಇಷ್ಟನ್ನೂ ಬರೆಸಿಕೊಳ್ಳಬೇಕಾಯಿತೆಂದರೆ ಜನ ಎಷ್ಟು ಬೇಸತ್ತಿದ್ದರೆಂದು ಊಹಿಸಿ.

ಇದನ್ನು ಸರಿಪಡಿಸಲು ಕೈಹಾಕಿದವನು ದೊರೆ ಮೊದಲನೇ ಚಾರ್ಲ್ಸ್. 1325ರಿಂದ ಫ್ಲಾರೆನ್ಸ್ ಮಾದರಿಯ ಚಿನ್ನದ ಫ್ಲೋರಿನ್ ಹೊರಡಿಸಿದ. 1328ರಲ್ಲಿ ಗಣಿಯೂರು ಕ್ರೆಮ್ನಿಟ್ಸಾಗೆ ಪಟ್ಟಣದ ಹಕ್ಕು ಕೊಟ್ಟು ಟಂಕಸಾಲೆ ತೆರೆದ. 1330ರ ದಶಕದ ಕೊನೆಗೆ ಬಾಳಿಕೆಯ ದೆನಾರ್ ಬಂತು. ಕೈತಪ್ಪಿದ ಲಾಭಕ್ಕೆ ಬದಲಾಗಿ ಹೆಬ್ಬಾಗಿಲ ತೆರಿಗೆ ಹಾಕಿದ. ಹುಲ್ಲು ಹೇರಿದ ಗಾಡಿ ಒಳಹೋಗುವಷ್ಟು ದೊಡ್ಡ ಬಾಗಿಲಿದ್ದ ರೈತನ ಮನೆಯೇ ಲೆಕ್ಕ. ದರ ಕಡೆಗೆ 18 ದೆನಾರ್‌ಗೆ ನಿಂತಿತು.

ಕೂಡಿಟ್ಟ ಹಣ ಉಳಿಯಿತು, ವ್ಯಾಪಾರಿ ನೆಮ್ಮದಿಯಾದ. ಆದರೆ ಕೂಡಿಡಲು ಏನೂ ಇಲ್ಲದ ರೈತನೂ ತೆರಬೇಕಾಯಿತು. ಇದನ್ನು ಬಿಟ್ಟು ಈ ಸುಧಾರಣೆಯನ್ನು ಹೊಗಳುವುದು ನನಗೆ ಸರಿ ಕಾಣದು.

ಮುಂದೆ ಯುದ್ಧಗಳ ಖರ್ಚಿಗೆ ನಾಣ್ಯದ ಬೆಳ್ಳಿ ಮತ್ತೆ ಕರಗಿತು. 1467ರಲ್ಲಿ ದೊರೆ ಮಥಿಯಾಸ್ ಕೊರ್ವಿನಸ್ ಹೆಬ್ಬಾಗಿಲ ತೆರಿಗೆಯ ಹೆಸರನ್ನೇ ಬದಲಿಸಿದ. ಹಳೆಯ ಹೆಸರಿನ ಮೇಲೆ ಪಡೆದಿದ್ದ ವಿನಾಯಿತಿಗಳೆಲ್ಲ ಬಿದ್ದುಹೋದವು. ಅದೇ ವರ್ಷ ರಾಜ್ಯದ ಪೂರ್ವ ಭಾಗವಾದ ಟ್ರಾನ್ಸಿಲ್ವೇನಿಯಾ ದಂಗೆಯೆದ್ದಿತು. ಅವನ ಹೊಸ ದೆನಾರ್‌ನಲ್ಲಿ ಸುಮಾರು ಅರ್ಧದಷ್ಟು ಬೆಳ್ಳಿ. 100 ದೆನಾರ್‌ಗೆ ಒಂದು ಫ್ಲೋರಿನ್.

ಈ ನಾಣ್ಯ ನೋಡಬೇಕೆಂದರೆ ಬುಡಾಪೆಸ್ಟ್‌ನ ರಾಷ್ಟ್ರೀಯ ಮ್ಯೂಸಿಯಂ ಇದೆ. ಈಗ ಸ್ಲೊವಾಕಿಯಾದಲ್ಲಿರುವ ಕ್ರೆಮ್ನಿಟ್ಸಾದಲ್ಲಿ ನಾಣ್ಯಗಳದೇ ಮ್ಯೂಸಿಯಂ ಇದೆ. ಟಂಕಸಾಲೆ ಇಂದಿಗೂ ನಡೆಯುತ್ತಿದೆ. ಮಥಿಯಾಸ್‌ನ ದೆನಾರ್ ಹರಾಜುಗಳಲ್ಲೂ ಸಿಗುತ್ತದೆ. ಕೊಳ್ಳುವ ಮುನ್ನ ಎರಡೂ ಬದಿಯ ಫೋಟೊ, ತೂಕ ಕೇಳಿ. ಒಂದು ಬದಿಗೆ ಮಗುವನ್ನು ಹಿಡಿದ ಮೇರಿ, ಇನ್ನೊಂದು ಬದಿಯ ಗುರಾಣಿಯಲ್ಲಿ ಮಥಿಯಾಸ್ ಮನೆತನದ ಕಾಗೆ ಇರುತ್ತದೆ. ಮೇರಿಯ ಅಕ್ಕಪಕ್ಕದ ಅಕ್ಷರಗಳನ್ನೂ ಗಮನಿಸಿ. ಅಲ್ಲಿ ‘ಕೆ’ ಇದ್ದರೆ ಅದು ಕ್ರೆಮ್ನಿಟ್ಸಾದ್ದು.